ಒಂದೇ ಹೆಸರಿನ ಹಾಡುಗಳು

ಹಾಡಿಗೆ ಹೆಸರಿಡುವವರು ಯಾರು? ಪುಸ್ತಕದ ಮೂಲಕ ಕಾವ್ಯದ ಪರಿಚಯ ಮಾಡಿಕೊಂಡ ನಮಗೆ ಇದೊಂದು ಪ್ರಶ್ನೆಯೆಂದೇ ತೋರುವುದಿಲ್ಲ. ಕವಿ ಕವಿತೆ ಬರೆಯುತ್ತಾನೆ, ಅದಕ್ಕೊಂದು ಶೀರ್ಷಿಕೆ ಕೊಡುತ್ತಾನೆ, ಪರಿವಿಡಿಯಲ್ಲಿ ಅದನ್ನು ಕಂಡು ನಾವು ಪುಟ ತೆರೆಯುತ್ತೇವೆ. ಆದರೆ ಬೇಂದ್ರೆಯವರ ‘ಬೆಳಗು’ ಕವಿತೆಯನ್ನು ಬಾಯಿತುಂಬ ಹಾಡುವ ಎಷ್ಟೋ ಜನರಿಗೆ ಅದರ ಹೆಸರು ‘ಬೆಳಗು’ ಎಂಬುದು ತಿಳಿಯದು. ಅವರು ಬಲ್ಲದ್ದು ಅದರ ಮೊದಲ ಸಾಲನ್ನು. ದಾಸರ ಪದಗಳಿಗಂತೂ ಶೀರ್ಷಿಕೆಯ ಹಂಗೇ ಇಲ್ಲ. ಪಲ್ಲವಿಯಿಂದ ಪದ ಗುರುತಾಗುತ್ತದೆ, ಅಂಕಿತದಿಂದ ದಾಸರು ಗುರುತಾಗುತ್ತಾರೆ. ‘ಪುರಂದರವಿಠಲ’ ಎಂದರೆ ಒಬ್ಬರು, ‘ಕಾಗಿನೆಲೆಯಾದಿಕೇಶವ’ ಎಂದರೆ ಮತ್ತೊಬ್ಬರು. ನಮ್ಮ ಹಿರಿಯರು ಹಾಡಿನ ಗುರುತನ್ನು ಅದರ ಆದಿಯಲ್ಲಿಯೂ ಅಂತ್ಯದಲ್ಲಿಯೂ ಇಟ್ಟರು. ಹಣೆಯ ಮೇಲೆ ಚೀಟಿ ಅಂಟಿಸಲಿಲ್ಲ.

ಈ ಮಾತನ್ನು ನಾನು ತರಗತಿಯಲ್ಲಿ ಕಲಿತಿದ್ದೆ. ಅದು ನಿಜವಾಗಿ ಅರ್ಥವಾದದ್ದು ಕಣಗಲಾದಲ್ಲಿ, ಅದೂ ತಪ್ಪು ಮಾಡಿದ ಮೇಲೆ.

ಕಣಗಲಾ ಹುಕ್ಕೇರಿ ತಾಲೂಕಿನ ಊರು. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಸಂಕೇಶ್ವರವನ್ನು ದಾಟಿ ನಿಪ್ಪಾಣಿಯ ಕಡೆಗೆ ಹೊರಟರೆ ಸಿಗುತ್ತದೆ. ಕನ್ನಡ, ಮರಾಠಿ ಎರಡೂ ಬೆರೆಯುವ ಸೀಮೆ ಅದು. 1984ರ ಬೇಸಗೆಯಲ್ಲಿ, ಎಂ.ಎ. ಮುಗಿಸಿ ಅಧ್ಯಾಪಕನಾಗಿ ಎರಡು ವರ್ಷ ಕಳೆದಿದ್ದ ನಾನು, ಎರವಲು ತಂದ ಟೇಪ್ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ಅಲ್ಲಿಗೆ ಹೋದೆ. ನಾನು ಹುಡುಕುತ್ತಿದ್ದದ್ದು ‘ಸಂಗೊಳ್ಳಿ ರಾಯಣ್ಣನ ಹಾಡು’.

1824ರ ಕಿತ್ತೂರಿನ ಯುದ್ಧದ ತರುವಾಯ ಕಂಪನಿ ಸರಕಾರದ ಮೇಲೆ ಬಂಡೆದ್ದ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಅವನ ಮೇಲಿನ ಹಾಡುಗಳು ಬೆಳಗಾವಿ ಸೀಮೆಯಲ್ಲೆಲ್ಲ ಹಬ್ಬಿದವು. ಶಾಸನತಜ್ಞ ಜೆ.ಎಫ್. ಫ್ಲೀಟ್ ಅವರು 1885ರಿಂದ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಆಯ್ದ ಕನ್ನಡ ಲಾವಣಿಗಳನ್ನು ಅನುವಾದದೊಡನೆ ಪ್ರಕಟಿಸತೊಡಗಿದರು. ಅವುಗಳಲ್ಲಿ ರಾಯಣ್ಣನ ಲಾವಣಿಯೂ ಒಂದು, ಹಲಗಲಿಯ ಬೇಡರದೂ ಒಂದು. ಅಚ್ಚಿಗೆ ಬಂದದ್ದು ಹೀಗೆ ಒಂದೆರಡು. ಬಾಯಲ್ಲಿ ಉಳಿದದ್ದು ಎಷ್ಟೋ. ಬೀಸುವ ಕಲ್ಲಿನ ಮುಂದೆ ಹೆಂಗಸರು ತ್ರಿಪದಿಯಲ್ಲಿ ಹಾಡಿದ್ದು ರಾಯಣ್ಣನ ಹಾಡೇ, ಡೊಳ್ಳಿನವರು ಹಾಡಿದ್ದು ರಾಯಣ್ಣನ ಹಾಡೇ, ದಪ್ಪು-ತುಂತುಣಿಯ ಗೀಗೀ ಮೇಳದವರದೂ ರಾಯಣ್ಣನ ಹಾಡೇ. ಛಂದಸ್ಸು ಬೇರೆಯಾದಲ್ಲಿ, ವಾದ್ಯ ಬೇರೆಯಾದಲ್ಲಿ ಹಾಡು ಬೇರೆಯೆಂದು ತಿಳಿಯುವುದು ಕಷ್ಟವಲ್ಲ. ಮಟ್ಟು ಒಂದೇ, ವಾದ್ಯ ಒಂದೇ, ಕಥೆ ಒಂದೇ, ಹೆಸರೂ ಒಂದೇ ಆದಾಗ ಪಂಡಿತನೂ ಎಡವುತ್ತಾನೆ.

ನನಗೆ ದೊರೆತದ್ದು ಅಂಥ ಎರಡು ಗೀಗೀ ಪದಗಳು. ಒಂದು ಕಣಗಲಾದ ಹಿರಿಯ ಹಾಡುಗಾರರೊಬ್ಬರ ಬಾಯಿಂದ, ಇನ್ನೊಂದು ಗೋಕಾಕದ ಕಡೆಯ ಮೇಳವೊಂದರಿಂದ. ಮೊದಲನೆಯದರಲ್ಲಿ ರಾಯಣ್ಣನ ಸಾಹಸ, ಖಜಾನೆಯ ಲೂಟಿ, ಮೋಸದಿಂದ ಸೆರೆಸಿಕ್ಕ ಪ್ರಸಂಗ ಇವು ವಿಸ್ತಾರವಾಗಿದ್ದವು. ಚೆನ್ನಮ್ಮನ ಮಾತು ಇಲ್ಲವೆನ್ನುವಷ್ಟು ಕಡಿಮೆ. ಎರಡನೆಯದರಲ್ಲಿ ರಾಣಿ ಚೆನ್ನಮ್ಮನೂ ರಾಯಣ್ಣನ ತಾಯಿ ಕೆಂಚವ್ವನೂ ಎದ್ದು ನಿಂತಿದ್ದರು. ಕಾಳಗ ನಾಲ್ಕು ನುಡಿಗಳಲ್ಲಿ ಮುಗಿದುಹೋಗಿತ್ತು. ಗ್ರಂಥಸಂಪಾದನೆಯನ್ನು ಆಗತಾನೆ ಕಲಿತು ಬಂದಿದ್ದ ನಾನು ಇವೆರಡನ್ನೂ ಒಂದೇ ಹಾಡಿನ ಪಾಠಾಂತರಗಳೆಂದು ಬಗೆದೆ. ಒಂದರಲ್ಲಿ ಲೋಪವಾದದ್ದನ್ನು ಇನ್ನೊಂದರಿಂದ ತುಂಬಿ, ‘ಶುದ್ಧ ಪಾಠ’ವೊಂದನ್ನು ಸಿದ್ಧಪಡಿಸಿದೆ. ಅದು ಒಂದು ಸ್ಮರಣಸಂಚಿಕೆಯಲ್ಲಿ ಅಚ್ಚಾಯಿತು ಕೂಡ. ಎಷ್ಟು ಹೆಮ್ಮೆಪಟ್ಟಿದ್ದೆನೆಂದು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ನಾನು ಕಾಣದೆ ಹೋದದ್ದು ಇಷ್ಟು. ಗೀಗೀ ಮೇಳಗಳಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ. ಮರಾಠಿಯ ತುರಾ ಮತ್ತು ಕಲಗಿ ಪಂಥಗಳಿಗೆ ಇವು ದಾಯಾದಿಗಳು. ಹರದೇಶಿಯವರು ಶಿವನನ್ನು, ಗಂಡನ್ನು ಎತ್ತಿ ಹಿಡಿಯುತ್ತಾರೆ. ನಾಗೇಶಿಯವರು ಶಕ್ತಿಯನ್ನು, ಹೆಣ್ಣನ್ನು. ಜಾತ್ರೆಯಲ್ಲಿ ಎರಡು ಮೇಳಗಳು ಎದುರುಬದುರಾಗಿ ನಿಂತು ಬೆಳಗಿನ ತನಕ ಸವಾಲು-ಜವಾಬು ನಡೆಸುತ್ತವೆ. ಎದುರಾಳಿ ಎತ್ತಿದ ಕಥೆಯನ್ನೇ ಎತ್ತಿಕೊಂಡು, ಅದೇ ಹೆಸರಿನಿಂದ, ಆದರೆ ತನ್ನ ಪಕ್ಷದ ಕಣ್ಣಿನಿಂದ ಹಾಡಿ ತೋರಿಸುವುದು ಅಲ್ಲಿಯ ಜಾಣತನ. ಅಂದರೆ ನಾನು ಹೊಲಿದು ಕೂಡಿಸಿದ್ದು ಒಂದೇ ಹಾಡಿನ ಎರಡು ಪ್ರತಿಗಳನ್ನಲ್ಲ. ಒಂದು ವಾದವನ್ನೂ ಅದರ ಪ್ರತಿವಾದವನ್ನೂ. ಎರಡೂ ಕಡೆಯ ವಕೀಲರ ಮಾತನ್ನು ಸೇರಿಸಿ ಒಬ್ಬನ ಬಾಯಲ್ಲಿ ಆಡಿಸಿದಂತೆ!

ಗುರುತು ಹಿಡಿಯುವ ದಾರಿ ಇರಲಿಲ್ಲವೆ? ಇತ್ತು. ಲಾವಣಿಯ ಕೊನೆಯ ನುಡಿಯಲ್ಲಿ ಕವಿಯ ಊರು, ಆ ಊರಿನ ದೈವ, ಗುರುವಿನ ಹೆಸರು, ಕವಿಯ ಹೆಸರು, ಕೆಲವೊಮ್ಮೆ ಹಾಡುವವನ ಹೆಸರು, ಎಲ್ಲವೂ ಕೋದಿರುತ್ತವೆ. ಹಾಡಿನ ಹಕ್ಕುಪತ್ರವೆಂದರೆ ಅದೇ.

ಊರಿನ ಹೆಸರು ಎಷ್ಟು ದೊಡ್ಡ ಆಧಾರವೆಂಬುದಕ್ಕೆ ನಮ್ಮ ಸೀಮೆಯ ‘ಶ್ರೀಕೃಷ್ಣ ಪಾರಿಜಾತ’ಕ್ಕಿಂತ ಬೇರೆ ಸಾಕ್ಷಿ ಬೇಡ. ಆ ಹೆಸರಿನ ಕೃತಿಯನ್ನು ರಚಿಸಿದವನು ರಾಯಚೂರು ಸೀಮೆಯ ಅಪರಾಳದ ತಮ್ಮಣ್ಣ. ಅದನ್ನು ತಿದ್ದಿ, ಬೆಳೆಸಿ, ಆಟದ ರೂಪಕ್ಕೆ ತಂದವನು ಗೋಕಾಕ-ಮೂಡಲಗಿ ಸೀಮೆಯ ಕುಲಗೋಡದ ತಮ್ಮಣ್ಣ. ಕೃತಿಯ ಹೆಸರೂ ಒಂದೇ, ಕರ್ತೃವಿನ ಹೆಸರೂ ಒಂದೇ! ಸಾಲದೆಂಬಂತೆ, ಕೃಷ್ಣದೇವರಾಯನ ಆಸ್ಥಾನದಲ್ಲಿ ಇದೇ ಕಥೆಯನ್ನು ತೆಲುಗಿನಲ್ಲಿ ‘ಪಾರಿಜಾತಾಪಹರಣಮು’ ಎಂದು ಬರೆದ ಕವಿ ನಂದಿ ತಿಮ್ಮನ. ಅಪರಾಳ, ಕುಲಗೋಡ ಎಂಬ ಎರಡು ಊರುಗಳ ಹೆಸರನ್ನು ಅಳಿಸಿಬಿಟ್ಟರೆ ಇಬ್ಬರು ಕವಿಗಳು ಒಬ್ಬನಾಗಿಬಿಡುತ್ತಾರೆ. ಕೌಜಲಗಿ ನಿಂಗಮ್ಮನಂಥ ಕಲಾವಿದೆಯನ್ನೂ ಜನ ನೆನೆಯುವುದು ಊರಿನೊಡನೆಯೇ. ಇದನ್ನು ಬರಿಯ ಊರಭಿಮಾನವೆಂದು ನಾವು ಪಟ್ಟಣದವರು ನಗುವುದುಂಟು. ನಗಬಾರದು.

ಆ ನುಡಿಯನ್ನು ನಾನೇನು ಮಾಡಿದೆ? ಕಣಗಲಾದಲ್ಲಿ ಧ್ವನಿಮುದ್ರಣ ಮಾಡುವಾಗ, ರಾಯಣ್ಣ ಸೆರೆಸಿಕ್ಕ ಕೂಡಲೇ ಕಥೆ ಮುಗಿಯಿತೆಂದು ಟೇಪನ್ನು ನಿಲ್ಲಿಸಿದ್ದೆ. ಕ್ಯಾಸೆಟ್ಟಿನ ಬೆಲೆ ನನ್ನಂಥವನಿಗೆ ಹೆಚ್ಚಾಗಿದ್ದ ಕಾಲ. ಮುಂದಿನದು ಹೊಗಳಿಕೆ, ಕಾವ್ಯಭಾಗವಲ್ಲ ಎಂಬ ಎಣಿಕೆಯೂ ಇತ್ತು. ಗೋಕಾಕದ ಹಾಡಿನ ಕೊನೆಯ ನುಡಿಯನ್ನು, ಮೊದಲನೆಯದರಲ್ಲಿ ಅದಕ್ಕೆ ಜೋಡಿಯಿಲ್ಲವೆಂದು, ಪ್ರಕ್ಷಿಪ್ತವೆಂದು ಕೈಬಿಟ್ಟೆ.

ಮರುವರ್ಷ ಆ ಪಾಠವನ್ನು ಒಂದು ಸಭೆಯಲ್ಲಿ ಓದಿದೆ. ಕಣಗಲಾದ ಅಜ್ಜನೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಮುಗಿದ ಮೇಲೆ ಹತ್ತಿರ ಬಂದು ಕೈಮುಗಿದ.

“ಛಲೋ ಓದಿದ್ರಿ, ಸರ. ಆದರ ಈ ಹಾಡು ನಮ್ಮದಲ್ಲರಿ, ಅವರದೂ ಅಲ್ಲ. ನಮ್ಮ ಗುರುವಿನ ಹೆಸರು ಎಲ್ಲಿ ಹೋತ್ರಿ?”

“ಅಜ್ಜಾರ, ಕಥೀ ಅಲ್ಲಿಗೇ ಮುಗೀತಲ್ಲರಿ, ಅದಕ್ಕ ಬಿಟ್ಟೆ” ಎಂದೆ.

ಅಜ್ಜ ಏನೂ ಅನ್ನಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದ. ಆಗಲೂ ನಾನು ಆ ಹೆಸರನ್ನು ಕೇಳಲಿಲ್ಲ.

ಕೇಳಬೇಕೆಂಬ ಬುದ್ಧಿ ಬಂದು ಕಣಗಲಾಕ್ಕೆ ಹೋದದ್ದು 1991ರಲ್ಲಿ. ಅಜ್ಜ ತೀರಿಕೊಂಡು ವರ್ಷವಾಗಿತ್ತು, ಮೇಳ ಚದುರಿತ್ತು. ಅಜ್ಜನನ್ನು ಬಲ್ಲವರು ಬೇಕಾದಷ್ಟು ಜನ ಸಿಕ್ಕರು. ಅವನ ಗುರುವನ್ನು ಬಲ್ಲವರು ಒಬ್ಬರೂ ಸಿಗಲಿಲ್ಲ. ಆ ಹೆಸರು ಉಳಿದಿದ್ದದ್ದು ಆ ಒಂದು ನುಡಿಯಲ್ಲಿ ಮಾತ್ರ.

ನನ್ನ ‘ಶುದ್ಧ ಪಾಠ’ವಾದರೋ ಗಟ್ಟಿಯಾಗಿ ಬದುಕಿದೆ. ಕೆಲವು ವರ್ಷಗಳ ಹಿಂದೆ ಗೋಕಾಕದ ಒಂದು ಸಮಾರಂಭದಲ್ಲಿ ವಿದ್ಯಾರ್ಥಿಗಳು ಅದನ್ನು ಇಂಪಾಗಿ ಹಾಡಿದರು. ನಿರೂಪಕಿ “ಸಂಗೊಳ್ಳಿ ರಾಯಣ್ಣನ ಹಾಡು, ಜನಪದ, ಕರ್ತೃ ಅಜ್ಞಾತ” ಎಂದು ಸಾರಿದಳು. ಮುಂದಿನ ಸಾಲಿನಲ್ಲಿ ಕುಳಿತಿದ್ದ ನಾನು ತಲೆ ತಗ್ಗಿಸಿದೆ.

ಆ ಕ್ಯಾಸೆಟ್ಟು ನನ್ನಲ್ಲಿ ಇನ್ನೂ ಇದೆ. ಸೆರೆಯ ಪ್ರಸಂಗ ಮುಗಿಯುತ್ತದೆ, ಹಿಮ್ಮೇಳದವರು ಸೊಲ್ಲು ಎಳೆಯುತ್ತಾರೆ, ದಪ್ಪಿನ ಮೇಲೆ ಎರಡು ಪೆಟ್ಟು ಬೀಳುತ್ತವೆ. ಅಜ್ಜ ಮುಂದಿನ ನುಡಿಗೆ ಉಸಿರು ತೆಗೆದುಕೊಳ್ಳುವುದು ಸ್ಪಷ್ಟವಾಗಿ ಕೇಳುತ್ತದೆ. ಆಮೇಲೆ ನಾನು ಗುಂಡಿ ಒತ್ತಿದ ಸದ್ದು.