ಸೇವೆಗೆ ಹೊಲ: ಬೆಳ್ವೊಲದ ಸಿಪಾಯಿ ರೈತರು

ಕ್ರಿ.ಶ. 949ರ ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನಿಗೆ ರಾಷ್ಟ್ರಕೂಟ ಮೂರನೆಯ ಕೃಷ್ಣ ಕೊಟ್ಟ ನಾಡುಗಳಲ್ಲಿ ಬೆಳ್ವೊಲ 300, ಪುಲಿಗೆರೆ 300 ಸೇರಿದ್ದವು. ಅಂದರೆ ಇಂದಿನ ಗದಗ, ಲಕ್ಷ್ಮೇಶ್ವರದ ಸೀಮೆ. ಬೂತುಗ ತನ್ನ ಜೊತೆ ಕಾದಿದ ಮಣಲೇರನಿಗೆ ಆತಕೂರಿನೊಂದಿಗೆ ಬೆಳ್ವೊಲದ ಒಂದು ಹಳ್ಳಿಯನ್ನೂ ಬಾಳ್ಗಚ್ಚಾಗಿ, ಅಂದರೆ ಕಾದಿದ ವೀರನಿಗೆ ಕೊಡುವ ಭೂದತ್ತಿಯಾಗಿ, ಬಿಟ್ಟನೆಂದು ಮಂಡ್ಯ ಜಿಲ್ಲೆಯ ಆತಕೂರು ಶಾಸನ ಹೇಳುತ್ತದೆ.

ಕತ್ತಿಗೆ ಭೂಮಿಯ ಕೂಲಿ ಕೊಡುವ ವಾಡಿಕೆ ಅರಸರು ಬದಲಾದರೂ ನಿಲ್ಲಲಿಲ್ಲ. ಕುದುರೆ ದಂಡು ಸಾಕಲೆಂದು ಪೇಶ್ವೆಗಳು ಪಟವರ್ಧನರಿಗೆ ಸರಂಜಾಮು ಎಂಬ ಜಹಗೀರು ಕೊಟ್ಟರು. ಆ ಮನೆತನದ ಕವಲುಗಳ ಕೈಯಲ್ಲೇ ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿ 1948ರವರೆಗೆ ಉಳಿದವು.

ತಳದಲ್ಲಿದ್ದವನು ಶೇತಸನದಿ. ಅವನಿಗೆ ಸಂಬಳದ ಬದಲು ಸನದು ಎಂಬ ಸರಕಾರಿ ಪತ್ರದ ಮೇಲೆ ಕೊಟ್ಟ ಹೊಲ. ಊರ ಕಾವಲು, ಸರಕಾರಿ ಹಣದ ಬೆಂಗಾವಲು, ಕಂದಾಯ ವಸೂಲಿಯಲ್ಲಿ ಗೌಡ-ಕುಲಕರ್ಣಿಗೆ ನೆರವು ಅವನ ಕೆಲಸ. ಉಳಿದ ಹೊತ್ತು ಎರಿ ಹೊಲದ ಜೋಳ, ಕಡಲೆ, ಹತ್ತಿ. 1818ರ ಜನವರಿಯಲ್ಲಿ ಗದಗ, ಡಂಬಳದ ಕೋಟೆಗಳನ್ನು ಹಿಡಿದ ಈಸ್ಟ್ ಇಂಡಿಯಾ ಕಂಪನಿಯ ಥಾಮಸ್ ಮನ್ರೋನ ಬಳಿ ಕಾಯಂ ದಂಡು ಕಡಿಮೆಯಿತ್ತು. ಇಲ್ಲಿಯೇ ಕೂಡಿಸಿಕೊಂಡ ಪೇದೆಗಳೇ ಅವನ ಬಲ.

ಕೊಟ್ಟ ಹೊಲವನ್ನು ಕಿತ್ತುಕೊಂಡರೆ ಏನಾಗುತ್ತದೆಂಬುದನ್ನು ಕಂಪನಿ ಬೇಗನೆ ಕಂಡಿತು. ಸಂಗೊಳ್ಳಿ ರಾಯಣ್ಣ ಕಿತ್ತೂರಿನ ಶೇತಸನದಿ. ಕಿತ್ತೂರು ಕಂಪನಿಯ ಪಾಲಾದ ಮೇಲೆ ಅವನ ಹೊಲಕ್ಕೂ ಕೈ ಬಿತ್ತು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ಆ ವೀರನ ಬಂಡಾಯದೊಳಗೆ ನಾಡಪ್ರೇಮದಷ್ಟೇ ಹೊಲ ಕಳೆದುಕೊಂಡವನ ಸಿಟ್ಟೂ ಇದೆ.

ಸ್ವಾತಂತ್ರ್ಯ ಬಂದ ಮೇಲೆ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಯಾಯಿತು. ಊರ ಸೇವೆಗೆಂದು ಕೊಟ್ಟಿದ್ದ ವತನದ ಭೂಮಿಗಳು ಸರಕಾರಕ್ಕೆ ಸೇರಿ, ದರ ಕಟ್ಟಿದವರಿಗೆ ಮರುಮಂಜೂರಾದವು. 1969ರ ಭೂ ಮಂಜೂರಾತಿ ನಿಯಮಗಳು ಮಾಜಿ ಸೈನಿಕರಿಗೆ ಪಾಲು ಮೀಸಲಿಟ್ಟವು. ಗೇಣಿಯನ್ನೇ ನಿಷೇಧಿಸಿದ ಭೂಸುಧಾರಣಾ ಕಾಯ್ದೆಯೂ ಸೇವೆಯಲ್ಲಿರುವ ಸೈನಿಕನಿಗೆ ಹೊಲ ಗೇಣಿಗೆ ಕೊಡಲು ಬಿಟ್ಟಿತು. ಮರಳಿದಾಗ ಹಿಂಪಡೆಯುವ ಹಕ್ಕನ್ನೂ ಕೊಟ್ಟಿತು.

ಈ ಸನದು, ಕಾಯ್ದೆಗಳೆಲ್ಲ ಭೂಮಿಯ ಮಾತಾಡಿದವು, ಬೇಸಾಯದ್ದಲ್ಲ. ಶೇತಸನದಿಗೆ ಬೇಸಾಯದ ಪಾಠ ಬೇಕಿರಲಿಲ್ಲ, ಅವನು ಊರು ಬಿಟ್ಟವನೇ ಅಲ್ಲ. ಹದಿನೈದಿಪ್ಪತ್ತು ವರ್ಷ ಗಡಿ ಕಾದು ಮುಂಡರಗಿಯ ಒಣಭೂಮಿಗೆ ಮರಳುವವನ ಪಾಡು ಬೇರೆ. ಬದು ಎಲ್ಲಿ ಹಾಕಬೇಕು, ಕೃಷಿ ಹೊಂಡ ಎಷ್ಟು ಆಳ ತೋಡಬೇಕು, ಮಳೆ ತಡವಾದರೆ ಏನು ಬಿತ್ತಬೇಕು ಎಂಬುದನ್ನು ಅವನು ಹೊಸದಾಗಿ ಕಲಿಯಬೇಕು. ಗದಗಿನ ಮಗ್ಗುಲಲ್ಲೇ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವಿದೆ; ಮಂಜೂರಾತಿ ಪತ್ರದ ಜೊತೆಗೇ ಅಲ್ಲಿಗೊಂದು ಚೀಟಿಯನ್ನೂ ಕೊಟ್ಟು ಕಳಿಸಬಹುದು.