ಬೀಗದ ಕೈ ಯಾರ ಬಳಿ?

ಅಂತರ್ಜಾಲದಲ್ಲಿ ಜನ ಸೇರುವ ಜಾಗಗಳು ಸಭ್ಯವಾಗಿರಬೇಕಾದರೆ ಏನು ಮಾಡಬೇಕು ಎಂಬ ಚರ್ಚೆ ಬಂದಾಗಲೆಲ್ಲ ನನಗೆ ನೆನಪಾಗುವುದು ಲ್ಯಾಂಬ್ಡಾಮೂ ಎಂಬ ಮನೆ. ಬರೀ ಅಕ್ಷರಗಳಲ್ಲಿ ಕಟ್ಟಿದ ಮನೆ ಅದು. ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ಪಾವೆಲ್ ಕರ್ಟಿಸ್ 1990ರಲ್ಲಿ ಅದನ್ನು ಶುರುಮಾಡಿದರು. ಚಿತ್ರವಿಲ್ಲ, ದನಿಯಿಲ್ಲ. ಎಲ್ಲೆಲ್ಲಿಂದಲೋ ಬಂದವರು ಬೇರೆ ಹೆಸರು ತೊಟ್ಟು, ಪಡಸಾಲೆಯಲ್ಲಿ ಕೂತವರಂತೆ ಟೈಪ್ ಮಾಡುತ್ತ ಹರಟುತ್ತಿದ್ದರು.

ಅಲ್ಲಿನ ನಿರ್ವಾಹಕರನ್ನು ಮಾಂತ್ರಿಕರು ಎಂದು ಕರೆಯುತ್ತಿದ್ದರು. ಜಗಳ ಬಿಡಿಸಿ ಬಿಡಿಸಿ ಸಾಕಾಗಿ, 1992ರ ಡಿಸೆಂಬರಿನಲ್ಲಿ ಕರ್ಟಿಸ್ ಒಂದು ಪ್ರಕಟಣೆ ಹೊರಡಿಸಿದರು. ಇನ್ನು ಮಾಂತ್ರಿಕರು ಯಂತ್ರವನ್ನಷ್ಟೇ ನೋಡಿಕೊಳ್ಳುತ್ತಾರೆ, ಜನರ ನಡುವಿನ ವ್ಯಾಜ್ಯಗಳನ್ನು ನಿವಾಸಿಗಳೇ ಬಗೆಹರಿಸಿಕೊಳ್ಳಬೇಕು ಎಂಬುದು ಅದರ ಸಾರ. ಕೇಳಲು ಚೆನ್ನಾಗಿತ್ತು. ಆದರೆ ಬಗೆಹರಿಸುವ ದಾರಿ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ.

ಕೆಲವೇ ತಿಂಗಳಲ್ಲಿ ಆ ದಾರಿ ಬೇಕಾಯಿತು. ಮಿಸ್ಟರ್ ಬಂಗಲ್ ಎಂಬ ಹೆಸರಿನಲ್ಲಿದ್ದವನು ಒಂದು ಪ್ರೋಗ್ರಾಂ ಬಳಸಿ, ಬೇರೆಯವರ ಪಾತ್ರಗಳು ಲೈಂಗಿಕ ಹಿಂಸೆಗೆ ಒಳಗಾಗುವಂಥ ಸಾಲುಗಳನ್ನು ತುಂಬಿದ ಪಡಸಾಲೆಯಲ್ಲಿ ಮೂಡಿಸಿದ. ಅವನ ಮಾತು ಕಾಣದಂತೆ ಮಾಡಿಕೊಳ್ಳಬಹುದಿತ್ತಲ್ಲ ಎಂದರು ಕೆಲವರು. ಆ ಸೌಲಭ್ಯ ಇದ್ದದ್ದು ನಿಜ. ಆದರೆ ನೊಂದವರು ಕಣ್ಣು ಮುಚ್ಚಿಕೊಂಡರೂ ಸುತ್ತ ಇದ್ದವರಿಗೆ ಅದು ಕಾಣುತ್ತಲೇ ಇರುತ್ತಿತ್ತು.

ಬಂಗಲ್‌ನನ್ನು ಹೊರಹಾಕಿ ಎಂಬ ಒತ್ತಾಯ ಎದ್ದಿತು. ಸಭೆ ಸೇರಿತು, ಬಹಳ ಹೊತ್ತು ವಾದ ನಡೆಯಿತು, ಏನೂ ತೀರ್ಮಾನವಾಗಲಿಲ್ಲ. ಕೊನೆಗೆ ಒಬ್ಬ ಮಾಂತ್ರಿಕ ಯಾರನ್ನೂ ಕೇಳದೆ ಬಂಗಲ್‌ನ ಖಾತೆಯನ್ನು ಅಳಿಸಿಬಿಟ್ಟ. 1993ರ ಕೊನೆಯಲ್ಲಿ ಜೂಲಿಯನ್ ಡಿಬೆಲ್ ನ್ಯೂಯಾರ್ಕಿನ ವಿಲೇಜ್ ವಾಯ್ಸ್ ಪತ್ರಿಕೆಯಲ್ಲಿ ಇದನ್ನು ಬರೆದ ಮೇಲೆ ಹೊರಜಗತ್ತಿಗೂ ವಿಷಯ ತಿಳಿಯಿತು.

ನನ್ನನ್ನು ಹೆಚ್ಚು ಕಾಡುವುದು ಆ ಒಂಟಿ ಮಾಂತ್ರಿಕ. ಅವನು ಮಾಡಿದ್ದು ಸರಿಯೆಂದೇ ನನಗನಿಸುತ್ತದೆ. ಆದರೂ ಅದಕ್ಕೆ ಎಲ್ಲರೂ ಒಪ್ಪಿದ ನಿಯಮದ ಬಲವಿರಲಿಲ್ಲ. ನಾಳೆ ಅದೇ ಕೈ ನಿರಪರಾಧಿಯ ಖಾತೆಯನ್ನೂ ಅಳಿಸಬಹುದು. ಅವನು ಸುಮ್ಮನಿದ್ದಿದ್ದರೆ? ಅದರ ಲಾಭ ಬಂಗಲ್‌ಗೇ ಆಗುತ್ತಿತ್ತು. ಬೀಗದ ಕೈ ಇಟ್ಟುಕೊಂಡವರು ಸುಮ್ಮನೆ ಕೂತರೂ ಅದೊಂದು ತೀರ್ಮಾನವೇ.

ಕರ್ಟಿಸ್‌ಗೂ ಇದು ಮನವರಿಕೆಯಾದಂತಿದೆ. ನಿವಾಸಿಗಳು ಅರ್ಜಿ ಹಾಕಿ, ಸಹಿ ಕೂಡಿಸಿ, ಮತಕ್ಕಿಟ್ಟು ಗೆದ್ದರೆ ಮಾಂತ್ರಿಕರು ಅದನ್ನು ಜಾರಿ ಮಾಡುವ ವ್ಯವಸ್ಥೆ ಬಂತು. ಅದೂ ಜಗಳಗಳಲ್ಲಿ ಸಿಕ್ಕಿಕೊಂಡಿತು. 1996ರಲ್ಲಿ ಮಾಂತ್ರಿಕರು ಮತ್ತೊಂದು ಪ್ರಕಟಣೆ ಹೊರಡಿಸಿ, ಯಂತ್ರದ ಕೆಲಸವನ್ನೂ ಜನರ ವ್ಯಾಜ್ಯವನ್ನೂ ಬೇರೆಬೇರೆ ಇಡಲಾಗದೆಂದು ಒಪ್ಪಿಕೊಂಡರು.

ಇಂದು ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರಾದರೂ ಇನ್ನೊಬ್ಬರನ್ನು ಹೀಯಾಳಿಸಿದಾಗ, ‘ನಾನು ಗುಂಪು ಮಾಡಿದವನು ಅಷ್ಟೇ’ ಎನ್ನುವ ಅಡ್ಮಿನ್ ಹೇಳುತ್ತಿರುವುದು 1992ರ ಅದೇ ಮಾತನ್ನು. ಗುಂಪಿನವರೆಲ್ಲ ಒಳ್ಳೆಯವರಾದರೆ ಸಾಲದು. ದೂರು ಯಾರಿಗೆ ಕೊಡಬೇಕು, ತೀರ್ಮಾನ ಯಾರದ್ದು, ಅದು ತಪ್ಪೆನಿಸಿದರೆ ಕೇಳುವುದು ಹೇಗೆ ಎಂಬುದು ಜಗಳ ಹುಟ್ಟುವ ಮೊದಲೇ ಎಲ್ಲರಿಗೂ ಗೊತ್ತಿರಬೇಕು.