ಕವಿಯ ಹೆಸರಿನ ಕ್ಯಾಸೆಟ್: ಎಂಬತ್ತರ ದಶಕದ ಭಾವಗೀತೆ ಮತ್ತು ಕಾರವಾರದ ಕರಾವಳಿ

ಕಾರವಾರ, ಅಂಕೋಲಾಗಳನ್ನೊಳಗೊಂಡ ಉತ್ತರ ಕನ್ನಡವು 1862ರಿಂದ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ, ಅಲ್ಲಿನ ಕೇಳುಗರಿಗೆ ಮರಾಠಿ ನಾಟ್ಯಗೀತೆ, ಭಾವಗೀತೆಗಳ ಪರಿಚಯ ಮೊದಲಿನಿಂದಲೂ ಇತ್ತು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯು ಕನ್ನಡ ಕವಿತೆಯನ್ನೂ ಹಾಡಾಗಿ ಕೇಳಿಸಿತು. ಆಕಾಶವಾಣಿಯು ಸುಗಮ ಸಂಗೀತವೆಂದು ಕರೆದ ಈ ಪ್ರಕಾರ, ಅಂದರೆ ರಾಗದ ವಿಸ್ತಾರಕ್ಕಿಂತ ಮಾತಿನ ಅರ್ಥಕ್ಕೆ ಒತ್ತು ಕೊಡುವ ಗಾಯನ, ಮಾರಾಟದ ಸರಕಾಗಿ ಮನೆ ಸೇರಿದ್ದು ಮಾತ್ರ ಕ್ಯಾಸೆಟ್ಟಿನಿಂದ.

1963ರಲ್ಲಿ ಫಿಲಿಪ್ಸ್ ಸಂಸ್ಥೆ ಹೊರತಂದ ಈ ಪುಟ್ಟ ಪೆಟ್ಟಿಗೆಯ ಟೇಪು ನಾಲ್ಕು ಮಿಲಿಮೀಟರಿಗಿಂತಲೂ ಕಿರಿದಾಗಿದ್ದು, ಸಿ-60 ಎಂಬ ಬಗೆಯಲ್ಲಿ ಒಂದೊಂದು ಬದಿಗೆ ಅರ್ಧ ಗಂಟೆ ಓಡುತ್ತಿತ್ತು. ಎಪ್ಪತ್ತರ ದಶಕದ ಕೊನೆಗೆ ಆಮದು ನಿಯಮಗಳು ಸಡಿಲಗೊಂಡಾಗ ಧ್ವನಿಮುದ್ರಣ ಸಂಸ್ಥೆ ಎಚ್.ಎಂ.ವಿ.ಯ ಏಕಸ್ವಾಮ್ಯ ಕುಸಿಯಿತು. ಬೆಂಗಳೂರಿನ ಸಂಗೀತಾ, ಲಹರಿಯಂಥ ಸಂಸ್ಥೆಗಳಿಗೆ ದಾರಿ ತೆರೆಯಿತು. ಪಾಶ್ಚಾತ್ಯ ಪಾಪ್, ರಾಕ್ ಆಲ್ಬಂ ವಾದ್ಯತಂಡದ ಹೆಸರಿನಲ್ಲಿ ನಿಂತರೆ, ಕನ್ನಡದ ಆಲ್ಬಂ ನಿಂತದ್ದು ಕವಿಯ ಹೆಸರಿನಲ್ಲಿ, ಅದೂ ಎಷ್ಟೋ ಬಾರಿ ಒಂದೇ ಕವನಸಂಕಲನದ ಹೆಸರಿನಲ್ಲಿ. ಆದುದರಿಂದ ಇಲ್ಲಿ ಆರಿಸಿದ ಮೂರು ಆಲ್ಬಂಗಳಿಗೆ ದರ್ಜೆ ಕೊಡುವಾಗ ಕವಿತೆ ಮತ್ತು ಕಂಠ ಎಷ್ಟರಮಟ್ಟಿಗೆ ಒಂದಾಗಿವೆ ಎಂಬುದನ್ನೇ ಮೊದಲು ನೋಡಬೇಕಾಗುತ್ತದೆ.

ಕಾಲದಲ್ಲಿ ಮೊದಲಿನದು 1978ರ 'ನಿತ್ಯೋತ್ಸವ'. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಸಂಯೋಜಿಸಿದ ಈ ಕ್ಯಾಸೆಟ್ಟೇ ಎಂಬತ್ತರ ದಶಕಕ್ಕೆ ಮಾದರಿಯಾಯಿತು. ಶೀರ್ಷಿಕೆ ಗೀತೆಯಲ್ಲಿ ಜೋಗವೂ ಸಹ್ಯಾದ್ರಿಯೂ ಬರುವುದರಿಂದ, ಜೋಗದ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುವುದನ್ನು ಬಲ್ಲ ಜಿಲ್ಲೆಗೆ ಅದು ದೂರದ ಹಾಡಾಗಿರಲಿಲ್ಲ. ಆದರೂ ಮೊದಲು ಬಂದದ್ದೆಂಬ ಗೌರವವೇ ಬೇರೆ, ದರ್ಜೆಯೇ ಬೇರೆ. ಇಂದು ಅದರ ಶೀರ್ಷಿಕೆ ಗೀತೆ ಉಳಿದ ಹಾಡುಗಳನ್ನೆಲ್ಲ ಮರೆಮಾಡಿಬಿಟ್ಟಿದೆ, ಹಾಗಾಗಿ ಮೂರನೆಯ ಸ್ಥಾನ.

ಎರಡನೆಯ ಸ್ಥಾನದ್ದು ಸಿ. ಅಶ್ವತ್ಥ್ ಸಂಯೋಜನೆಯ 'ಮೈಸೂರು ಮಲ್ಲಿಗೆ'. ಕೆ.ಎಸ್. ನರಸಿಂಹಸ್ವಾಮಿಯವರ 1942ರ ಈ ಸಂಕಲನದ ದಾಂಪತ್ಯ ಗೀತೆಗಳು ಮನೆಮಾತಿನ ಲಯದಲ್ಲಿಯೇ ಇರುವುದರಿಂದ ರಾಗಕ್ಕೆ ಸುಲಭವಾಗಿ ಒಗ್ಗಿದವು. ಮಾವನ ಮನೆಗೆ ಬಂದು ರಾತ್ರಿಯೆಲ್ಲ ಹೆಂಡತಿಯನ್ನು ಕಾಣದ ರಾಯರ ಮುನಿಸನ್ನು ರತ್ನಮಾಲಾ ಪ್ರಕಾಶ್ ಅವರ ಕಂಠ ಅತ್ತ ಹಾಸ್ಯಕ್ಕೂ ಇತ್ತ ಕನಿಕರಕ್ಕೂ ಪೂರ್ತಿ ವಾಲದೆ ಹೇಳುತ್ತದೆ.

ಮೊದಲ ಸ್ಥಾನ ಶಿಶುನಾಳ ಷರೀಫರ ಹಾಡುಗಳಿಗೆ ಸಲ್ಲಬೇಕು. ಷರೀಫರ (1819–1889) ತತ್ವಪದಗಳು, ಎಂದರೆ ಅಧ್ಯಾತ್ಮವನ್ನು ನಿತ್ಯದ ವಸ್ತುಗಳ ಒಗಟಿನಲ್ಲಿ ಹೇಳುವ ಪದಗಳು, ಹುಟ್ಟಿದ್ದೇ ಭಜನೆಯ ಬಾಯಿಗೆ. ಕೋಳಿಯು ಕೋಡಗವನ್ನು ನುಂಗುವ ಪದದಲ್ಲಿ ಶಿವಮೊಗ್ಗ ಸುಬ್ಬಣ್ಣ ಒಗಟನ್ನು ಬಿಡಿಸುವ ಗೋಜಿಗೆ ಹೋಗದೆ ಒಂದರ ಮೇಲೊಂದು ಅಚ್ಚರಿಯನ್ನು ಪೇರಿಸುತ್ತ ಹೋಗುತ್ತಾರೆ, ಅಶ್ವತ್ಥ್ ಅವರ ಸಂಯೋಜನೆಯೂ ಹಳ್ಳಿಯ ಭಜನೆಯ ಬಿರುಸನ್ನು ಉಳಿಸಿಕೊಂಡಿದೆ. ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಿಬರುತ್ತಿದ್ದ, ಕಾಲೇಜುಗಳೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೇ ಸೇರಿದ್ದ ಈ ಕರಾವಳಿಗೆ ಆ ಪದಗಳ ಬಯಲುಸೀಮೆಯ ಕನ್ನಡ ಅಪರಿಚಿತವಾಗಿರಲಿಲ್ಲ.

ಅಂಕೋಲೆಯ ದೊಡ್ಡ ಕವಿ ದಿನಕರ ದೇಸಾಯಿ ಈ ಪಟ್ಟಿಯಲ್ಲಿ ಬಾರದಿರುವುದಕ್ಕೆ ಅವರ ಪ್ರಕಾರವೇ ಕಾರಣ. ನಾಲ್ಕೇ ಸಾಲಿನಲ್ಲಿ ವ್ಯಂಗ್ಯವನ್ನು ಮುಗಿಸುವ ಅವರ ಚೌಪದಿ, ಪಲ್ಲವಿಗೆ ಮರಳುವ ಮೊದಲೇ ಗುರಿ ಮುಟ್ಟಿರುತ್ತದೆ. ಕ್ಯಾಸೆಟ್ಟಿನ ಯುಗ ಏರುಮುಖದಲ್ಲಿದ್ದಾಗಲೇ, 1982ರಲ್ಲಿ, ಅವರು ತೀರಿಕೊಂಡರು.

ಹಂಸಲೇಖ ಸಾಹಿತ್ಯ, ಸಂಗೀತ ಎರಡನ್ನೂ ಒದಗಿಸಿದ 1987ರ 'ಪ್ರೇಮಲೋಕ' ಚಲನಚಿತ್ರದ ಧ್ವನಿಸುರುಳಿಯಾದರೂ ಪಾಶ್ಚಾತ್ಯ ಪಾಪ್ ಆಲ್ಬಮ್ಮಿಗೆ ಈ ಮೂರಕ್ಕಿಂತಲೂ ಹತ್ತಿರದ್ದು; ಚಿತ್ರಗೀತೆಗಳನ್ನೂ ಲೆಕ್ಕಕ್ಕೆ ಹಿಡಿದರೆ ಅದು 'ನಿತ್ಯೋತ್ಸವ'ವನ್ನು ನಾಲ್ಕನೆಯ ಸ್ಥಾನಕ್ಕೆ ತಳ್ಳೀತು, ಮೊದಲೆರಡನ್ನು ಅಲುಗಿಸಲಾರದು.